ಸೋಲಾರ್ ನೀರು ಕಾಯದಿದ್ದರೆ ಮೊದಲು ತಾರಸಿ ಹತ್ತಿ

ತಂಗಿ ಬಾಣಂತನಕ್ಕೆ ಬಂದ ಇಪ್ಪತ್ತೆರಡನೇ ದಿನ ನಮ್ಮ ಮನೆಯ ಸೋಲಾರ್ ಕೈಕೊಟ್ಟಿತು. ಜನವರಿ ತಿಂಗಳು. ಬೆಳಗ್ಗೆ ಏಳಕ್ಕೆ ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು, ಎರಡು ಬಕೆಟ್ ತುಂಬುವಷ್ಟರಲ್ಲಿ ಅದೂ ತಣ್ಣಗೆ. ತಾರಸಿಗೆ ಹೋಗಿ ನೋಡಿದರೆ ಟ್ಯಾಂಕಿನ ಕೆಳಗೆ ಸಿಮೆಂಟ್ ಒದ್ದೆಯಾಗಿತ್ತು.

ಅಮ್ಮ ಏನೂ ಮಾತಾಡಲಿಲ್ಲ. ಹಿತ್ತಲಿನ ಬಚ್ಚಲ ಒಲೆಯ ಬೂದಿ ತೆಗೆದು, ಹಂಡೆ ತೊಳೆದು, ಜಾಲಿ ಸೌದೆ ಹೊತ್ತಿಸಿದರು. ಅವರಿಗೆ ದಮ್ಮು. ಏಳು ವರ್ಷದ ಹಿಂದೆ ಸಾಲ ಮಾಡಿ ಸೋಲಾರ್ ಹಾಕಿಸಿದ್ದೇ ಆ ಹೊಗೆ ತಪ್ಪಲಿ ಅಂತ. ಬಾಣಂತಿ, ಮಗು ಇಬ್ಬರಿಗೂ ದಿನಾ ಎರೆಯಬೇಕು. ಮೂರನೇ ದಿನಕ್ಕೆ ಅಮ್ಮನ ಕೆಮ್ಮು ರಾತ್ರಿಯೆಲ್ಲ ಕೇಳತೊಡಗಿತು.

ನಮ್ಮದು ಪಾವಗಡ ತಾಲ್ಲೂಕು. 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ತಾಲ್ಲೂಕು. ಅದರ ಬಗ್ಗೆ ನಾವು ಕಳಿಸಿದ ಸುದ್ದಿಗಳಿಗೆ ಲೆಕ್ಕವಿಲ್ಲ. ನಮ್ಮದೇ ತಾರಸಿಯ ಮೇಲಿನ 200 ಲೀಟರಿನ ಟ್ಯಾಂಕು ಹೇಗೆ ನೀರು ಕಾಯಿಸುತ್ತದೆ ಅಂತ ಮಾತ್ರ ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಮೊದಲು ಬಂದ ಮೆಕ್ಯಾನಿಕ್ ತಾರಸಿಯ ಮೇಲೆ ಐದು ನಿಮಿಷ ಇದ್ದ. ಒದ್ದೆ ನೆಲ ನೋಡಿದ, ಟ್ಯಾಂಕನ್ನು ಬೆರಳಿನಿಂದ ತಟ್ಟಿದ. "ಟ್ಯಾಂಕ್ ಹೋಗಿದೆ ಅಣ್ಣಾ. ಟ್ಯಾಂಕ್ ಒಂದೇ ಬದಲಾಯಿಸಿದ್ರೆ ಹತ್ತೊಂಬತ್ತು ಸಾವಿರ. ಪೂರ್ತಿ ಹೊಸದು ಹಾಕಿಸಿದ್ರೆ ಇಪ್ಪತ್ತೆಂಟು, ಹಳೇದಕ್ಕೆ ಮೂರು ಸಾವಿರ ಕಡಿಮೆ ಮಾಡ್ಕೊಡ್ತೀನಿ" ಅಂದ. ಅಲ್ಲಿಯವರೆಗೆ ಬ್ಯಾಕಪ್ ಕಾಯಿಲ್ ಹಾಕಿಕೊಳ್ಳಿ ಅಂತಲೂ ಹೇಳಿದ. ನಾವು ಸುದ್ದಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು. ಅದೂ ಬರಬೇಕಾದ ತಿಂಗಳಿಗೆ ಬರುವುದಿಲ್ಲ.

ಕಾಯಿಲಿನ ಲೆಕ್ಕ ಇಲ್ಲೇ ಹೇಳಿಬಿಡೋಣ. ನಮ್ಮದು 2 ಕಿಲೋವ್ಯಾಟಿನದು, ಗಂಟೆಗೆ 2 ಯೂನಿಟ್. ದಿನಾ ಎರಡು ಗಂಟೆ ಹಾಕಿದರೆ ತಿಂಗಳಿಗೆ 120 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್. ಟ್ಯಾಂಕಿನಲ್ಲಿ ನೀರಿಲ್ಲದಾಗ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟೇ ಹೋಗುತ್ತದೆ.

ಹಣಕ್ಕಾಗಿ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಿದರು. ಅಲ್ಲಿ ಒಬ್ಬ ಅಕ್ಕ ಇದ್ದಾರೆ, ಊರಿನ ನಲ್ಲಿ ನೀರನ್ನು ಕಿಟ್ ಇಟ್ಟುಕೊಂಡು ಪರೀಕ್ಷೆ ಮಾಡುವ ಹೆಂಗಸರಲ್ಲಿ ಒಬ್ಬರು. ಅವರು ಕೇಳಿದ್ದು ಒಂದೇ ಮಾತು: "ಅವನು ಟ್ಯೂಬ್ ಕಿತ್ತು ನೋಡಿದ್ನಾ?"

ನೋಡಿರಲಿಲ್ಲ. ಊರಿನವರನ್ನೆಲ್ಲ ನೂರು ಪ್ರಶ್ನೆ ಕೇಳುವ ನಮಗೆ ಆ ಒಂದು ಪ್ರಶ್ನೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಆ ಅಕ್ಕ ಹೇಳಿದ ಇನ್ನೊಬ್ಬ ಮೆಕ್ಯಾನಿಕ್ ಮಾರನೇ ದಿನ ಬೆಳಗ್ಗೆ ಆರೂವರೆಗೇ ಬಂದರು. ವಯಸ್ಸಾದವರು. ಇಷ್ಟು ಬೇಗ ಯಾಕೆ ಅಂದರೆ, ಬಿಸಿಲೇರಿದ ಮೇಲೆ ಖಾಲಿ ಟ್ಯೂಬ್ ಕಾದು ಕೆಂಡದಂತಾಗುತ್ತದೆ, ಆಗ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ ಅಂದರು. ಬರುವುದಕ್ಕೆ ಇನ್ನೂರೈವತ್ತು, ಬಿಚ್ಚಿ ನೋಡಿದ ಮೇಲೆ ಉಳಿದದ್ದು ಅಂತ ಮೊದಲೇ ಹೇಳಿದರು. ಅವರು ಕೆಲಸ ಮಾಡುತ್ತ ತೋರಿಸಿದ್ದನ್ನು ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.

ಗಾಜಿನ ಟ್ಯೂಬು ಎರಡು ಪದರದ್ದು, ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. ನಡುವೆ ಗಾಳಿ ಇರುವುದಿಲ್ಲ. ಟ್ಯೂಬಿನ ತುದಿ ಕನ್ನಡಿಯಂತೆ ಬೆಳ್ಳಿ ಬಣ್ಣಕ್ಕಿದ್ದರೆ ಅದು ಸರಿಯಾಗಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬು ನೀರು ಕಾಯಿಸುವುದಿಲ್ಲ, ಕಾದ ನೀರಿನ ಬಿಸಿಯನ್ನೂ ಬಿಟ್ಟುಕೊಡುತ್ತದೆ. ಇದನ್ನು ನೋಡುವುದಕ್ಕೆ ಮೆಕ್ಯಾನಿಕ್ ಬೇಡ. ತುದಿಗೆ ಹಾಕಿದ ಪ್ಲಾಸ್ಟಿಕ್ ಕಪ್ ಸರಿಸಿ, ಬಗ್ಗಿ ನೋಡಿದರೆ ಸಾಕು. ನಮ್ಮ 20 ಟ್ಯೂಬಿನಲ್ಲಿ ಎರಡು ಬೆಳ್ಳಗಾಗಿದ್ದವು.

ಸೋರಿಕೆ ಎಲ್ಲಿಂದ ಅನ್ನುವುದು ಎರಡನೇ ಮಾತು, ದುಡ್ಡಿನ ಮಾತು ಇರುವುದೂ ಅಲ್ಲೇ. ಟ್ಯೂಬು ಟ್ಯಾಂಕಿನೊಳಗೆ ಹೋಗುವ ಕಡೆ ರಬ್ಬರಿನಂಥ ಸಿಲಿಕಾನ್ ರಿಂಗ್ ಇರುತ್ತದೆ. ಬಿಸಿಲಿಗೆ ಅದು ಗಟ್ಟಿಯಾಗಿ ಬಿರುಕು ಬಿಟ್ಟರೆ ಟ್ಯೂಬಿನ ಗುಂಟ ನೀರು ಇಳಿಯುತ್ತದೆ. ಅದು ಹತ್ತಿಪ್ಪತ್ತು ರೂಪಾಯಿಯ ರೋಗ. ಟ್ಯಾಂಕಿನ ಒಳಗಿನ ಬೆಸುಗೆಯೇ ಬಿಟ್ಟರೆ ನೀರು ಹೊರಕವಚದ ಕೂಡುಗಳಿಂದ, ಎರಡೂ ಪಕ್ಕದ ಮುಚ್ಚಳದ ಅಂಚಿನಿಂದ ಜಿನುಗುತ್ತದೆ. ಅದು ಸಾವಿರಗಳ ರೋಗ. ಕೆಳಗೆ ನೆಲ ಮಾತ್ರ ಎರಡಕ್ಕೂ ಒಂದೇ ಥರ ಒದ್ದೆಯಾಗುತ್ತದೆ.

ನಮ್ಮದರಲ್ಲಿ ಹೋಗಿದ್ದು ನಾಲ್ಕು ರಿಂಗ್. ಟ್ಯೂಬುಗಳನ್ನು ಕಿತ್ತು ಬಗ್ಗಿಸಿದಾಗ ಒಳಗಿಂದ ಮೊಟ್ಟೆ ಸಿಪ್ಪೆಯಂಥ ಬಿಳಿ ಚೂರು ಅರ್ಧ ಬಕೆಟ್ ಬಿತ್ತು. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಹಿಡಿಯುವ ಅದೇ ಸುಣ್ಣ. ಸಂಘದ ಅಕ್ಕ ಆಮೇಲೆ ನಮ್ಮ ನೀರು ಪರೀಕ್ಷಿಸಿದರು: ಗಡಸುತನ ಲೀಟರಿಗೆ 600 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ 200 ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಅನ್ನುತ್ತದೆ ಸರ್ಕಾರದ ಮಾನದಂಡ. ಇಂಥ ನೀರಿರುವವರು ತಾಮ್ರದ ಸಣ್ಣ ಕೊಳವೆಯ, ಚಪ್ಪಟೆ ಪೆಟ್ಟಿಗೆಯ ಸೋಲಾರ್ ಹಾಕಿಸುವ ಮೊದಲು ಎರಡು ಸಲ ಯೋಚಿಸಬೇಕು. ಸಣ್ಣ ಕೊಳವೆ ಬೇಗ ಕಟ್ಟಿಕೊಳ್ಳುತ್ತದೆ.

ನಮ್ಮ ಲೆಕ್ಕ ಹೀಗಾಯಿತು. ಎರಡು ಟ್ಯೂಬಿಗೆ 900, ರಿಂಗಿಗೆ 80, ತೊಳೆದದ್ದಕ್ಕೆ 600, ಬಂದದ್ದಕ್ಕೆ 250. ಒಟ್ಟು 1,830 ರೂಪಾಯಿ. ಬೇರೆ ಊರಿನಲ್ಲಿ ಹೆಚ್ಚುಕಡಿಮೆ ಆಗಬಹುದು. ಹಳೆಯ ಟ್ಯೂಬು, ರಿಂಗು ನಮ್ಮ ಕೈಗೇ ಕೊಟ್ಟರು. ಚೀಟಿಯಲ್ಲಿ ಒಂದೊಂದನ್ನೂ ಬರೆದು ಸಹಿ ಹಾಕಿದರು. ಮೊದಲಿನವನ ಹತ್ತೊಂಬತ್ತು ಸಾವಿರ ಬರೀ ಬಾಯಿಮಾತು, ಕಾಗದದ ಮೇಲೆ ಒಂದಕ್ಷರ ಇರಲಿಲ್ಲ.

ಇಷ್ಟಕ್ಕೇ ಮೊದಲಿನವನು ಮೋಸಗಾರ ಅಂತ ಬರೆದು ಮುಗಿಸಬಹುದಿತ್ತು. ಆದರೆ ಅವತ್ತು ಹೋಗುವ ಮೊದಲು ಹಿರಿಯ ಮೆಕ್ಯಾನಿಕ್ ಟ್ಯೂಬಿನ ತೂತಿನಿಂದ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನಮ್ಮನ್ನು ಕರೆದರು. ಬೆಸುಗೆಯ ಗುಂಟ ಕಂದು ಚುಕ್ಕೆಗಳು. "ಯಾವಾಗಾದ್ರೂ ಆಸಿಡ್ ಹಾಕಿ ತೊಳೆಸಿದ್ರಾ?" ಅಂದರು. ಹೌದು. ಮೂರು ವರ್ಷದ ಹಿಂದೆ ಯಾರೋ ಒಬ್ಬನಿಂದ, ಪಾಯಿಖಾನೆ ತೊಳೆಯುವ ಆಸಿಡ್ಡಿನಿಂದ, ಅಗ್ಗಕ್ಕೆ. ಆ ಆಸಿಡ್ ಸ್ಟೀಲನ್ನೂ ತಿನ್ನುತ್ತದಂತೆ. ಸುಣ್ಣ ಬಿಡಿಸಲು ನಿಂಬೆ ಹುಳಿಯ ಪುಡಿಯಂಥದ್ದನ್ನು ಬಳಸಬೇಕಿತ್ತು. ಬೋರಿನ ಉಪ್ಪುನೀರೂ ಸ್ಟೀಲಿಗೆ ಒಳ್ಳೆಯದಲ್ಲ, ಹಾಗಾಗಿ ತಪ್ಪು ಪೂರ್ತಿ ಯಾರದ್ದು ಅಂತ ಹೇಳುವ ಹಾಗಿಲ್ಲ. "ಒಂದು ವರ್ಷ ಬರಬಹುದು. ದುಡ್ಡು ಕೂಡಿಟ್ಕೊಳ್ಳಿ" ಅಂದರು.

ಬಂದದ್ದು ಹನ್ನೊಂದು ತಿಂಗಳು. ಡಿಸೆಂಬರಿನಲ್ಲಿ ಪಕ್ಕದ ಮುಚ್ಚಳದ ಅಂಚಿನಿಂದ ನೀರು ಜಿನುಗಿತು. ಈ ಸಲ ನಮಗೇ ಗೊತ್ತಾಯಿತು, ಇದು ಟ್ಯಾಂಕ್ ಅಂತ. ವಾರಂಟಿ ಕಾರ್ಡ್ ಹುಡುಕಿದೆವು. ಐದು ವರ್ಷಕ್ಕೇ ಮುಗಿದಿತ್ತು, ಗಡಸು ನೀರಿನ ಹಾನಿಗೆ ಹೊಣೆಯಲ್ಲ ಅನ್ನುವ ಸಾಲು ಸಣ್ಣ ಅಕ್ಷರದಲ್ಲಿ ಮೊದಲಿನಿಂದಲೂ ಇತ್ತು. ಕೊಳ್ಳುವ ದಿನ ಅದನ್ನು ಓದಿದ್ದರೆ ಅಂಗಡಿಯಲ್ಲೇ ಮಾತಾಡಬಹುದಿತ್ತು. ವಾರಂಟಿ ಇದ್ದೂ ಕಂಪನಿಯವರು ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಬಿಲ್ ಕೈಯಲ್ಲಿರಲಿ.

ಟ್ಯಾಂಕ್ ಒಂದನ್ನೇ ಬದಲಾಯಿಸಿದೆವು, ಮೂರು ಕಡೆ ಬರಹದಲ್ಲಿ ರೇಟ್ ತರಿಸಿಕೊಂಡು. ಹದಿನಾಲ್ಕು ಸಾವಿರದ ಐನೂರು. ಆ ಹನ್ನೊಂದು ತಿಂಗಳಲ್ಲಿ ಅಮ್ಮ ಸಂಘದಲ್ಲಿ ಕಟ್ಟಿದ ಉಳಿತಾಯ, ನಮ್ಮ ಎರಡು ತಿಂಗಳ ಬಾಕಿ ಸಂಭಾವನೆ ಸೇರಿ ಆಯಿತು, ಸಾಲ ಬೇಕಾಗಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಬೆಳಗಿನ ಜಾವ ಕಾಯಿಲ್ ಸ್ವಿಚ್ ಆರಿಸಿ, ಟ್ಯಾಂಕಿನ ತಳದ ಡ್ರೈನ್ ಬಿಟ್ಟು ಗಸಿ ಹರಿಸುತ್ತೇವೆ. ತಾರೀಖನ್ನು ಹೊರಕವಚದ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇವೆ.

ತಂಗಿಯ ಮಗು ಈಗ ಓಡಾಡುತ್ತದೆ. ಹಂಡೆ ಗುಜರಿಗೆ ಹಾಕೋಣವೇ ಅಂತ ಅಮ್ಮನನ್ನು ಕೇಳಿದೆವು. "ಇರ್ಲಿ ಬಿಡಪ್ಪ, ಅದು ಎಲ್ಲಿ ಸೋರುತ್ತೆ ಅಂತ ನನಗೆ ಗೊತ್ತು" ಅಂದರು.