ಕಾಳಿಯನ್ನು ಕೈಬಿಟ್ಟ ಚರಿತ್ರೆ

ಪುಲಕೇಶಿ ದಕ್ಷ ಆಡಳಿತಗಾರ. ಕಲೆ, ಸಾಹಿತ್ಯಗಳಿಗೆ ಪ್ರೋತ್ಸಾಹ ಕೊಟ್ಟನು. ಎರಡು ಪುಟ ಮಗುಚಿದರೆ ಅಮೋಘವರ್ಷನೂ ದಕ್ಷ ಆಡಳಿತಗಾರ, ಅವನೂ ಪ್ರೋತ್ಸಾಹ ಕೊಟ್ಟವನೇ. ಇವತ್ತು ಬೆಳಿಗ್ಗೆ ಆ ಮಕ್ಕಳ ಪುಸ್ತಕದಲ್ಲಿ ವಿಷ್ಣುವರ್ಧನನ ಪುಟಕ್ಕೆ ಬರುವ ಹೊತ್ತಿಗೆ ನನ್ನ ಕಾಫಿ ಆರಿಹೋಗಿತ್ತು, ಸಿಟ್ಟು ಏರಿತ್ತು. ಅರಸರ ಹೆಸರುಗಳನ್ನು ಅದಲುಬದಲು ಮಾಡಿದರೂ ಆ ಪುಸ್ತಕದಲ್ಲಿ ಒಂದು ವಾಕ್ಯ ತಪ್ಪಾಗುವುದಿಲ್ಲ. ಪ್ರಜೆಗಳಿಗೆ ಬಂದ ಆಪತ್ತು ತೊಲಗಲೆಂದು ಅಮೋಘವರ್ಷ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನ್ ತಾಮ್ರಪಟ ಹೇಳುತ್ತದೆ. ಎಂಟು ವರ್ಷದ ಹುಡುಗ ಬಾಯಿ ಬಿಟ್ಟುಕೊಂಡು ಕೇಳುವ ಸಂಗತಿ ಅದು. ಅದನ್ನೇ ಬಿಟ್ಟು 'ಪ್ರೋತ್ಸಾಹ ಕೊಟ್ಟನು' ಎಂದು ಬರೆಯಲು ಹೇಗಾದರೂ ಮನಸ್ಸು ಬರುತ್ತದೆ?

ಪುಸ್ತಕ ಕಳಿಸಿದವಳು ನನ್ನ ತಂಗಿಯ ಮಗಳು. ಮಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದಾಳೆ. "ಲೆಕ್ಕ, ವಿಜ್ಞಾನ ಹೇಗೋ ನಡೀತಿದೆ ದೊಡ್ಡಮ್ಮ. ಚರಿತ್ರೆ ಅಂದ್ರೆ ಮಾತ್ರ ಎದ್ದು ಓಡ್ತಾನೆ. ಒಳ್ಳೇ ಪುಸ್ತಕ ಯಾವುದಾದ್ರೂ ಇದ್ರೆ ಹೇಳು" ಅಂದಳು. ಶಾಲೆ ಮೇಲೋ ಮನೆ ಮೇಲೋ ಎಂಬ ವಾದ ನನಗೆ ಬೇಡ. ಚಿತ್ರ ಚೆನ್ನಾಗಿರಬೇಕು, ಅಕ್ಷರ ದೊಡ್ಡದಿರಬೇಕು ಎನ್ನುವುದನ್ನೂ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ಕಲಿಯುವ ಮಗು ತುಂಬ ಪ್ರಾಮಾಣಿಕ ಓದುಗ. ನಾಳೆ ಕಿರುಪರೀಕ್ಷೆಯಿಲ್ಲ, ಬೆಂಚಿನ ಮೇಲೆ ನಿಲ್ಲಿಸುವವರಿಲ್ಲ. ಬೇಸರವಾದರೆ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗುತ್ತದೆ. ಪರೀಕ್ಷೆಯ ಹೆದರಿಕೆಯಿಂದಲೇ ಬದುಕಿರುವ ಪುಸ್ತಕಗಳು ಆ ಮನೆಯಲ್ಲಿ ಒಂದು ವಾರವೂ ಬಾಳುವುದಿಲ್ಲ.

ನೆಹರೂ ಅವರ ಪತ್ರಗಳನ್ನು ಓದಿಸು ಎಂದೆ. 1928ರ ಬೇಸಿಗೆಯಲ್ಲಿ ಇಂದಿರಾ ಮಸ್ಸೂರಿಯಲ್ಲಿ, ತಂದೆ ಅಲಹಾಬಾದಿನಲ್ಲಿ. ಹತ್ತು ವರ್ಷದ ಮಗಳಿಗೆ ಅವರು ಭೂಮಿ ಹುಟ್ಟಿದ್ದರಿಂದ ಹಿಡಿದು ಬರೆದರು. ಆಮೇಲೆ 1930ರಿಂದ 1933ರವರೆಗೆ, ಬಹುಪಾಲು ಸೆರೆಮನೆಗಳಿಂದ, ಜಗತ್ತಿನ ಚರಿತ್ರೆಯನ್ನೇ ಪತ್ರಗಳಲ್ಲಿ ಕಳಿಸಿದರು. ಅಲ್ಲಿ ಎದುರಿಗೆ ಒಂದು ಮಗು ಕೂತಿದೆ ಎಂಬುದನ್ನು ಬರೆಯುವವರು ಮರೆಯುವುದೇ ಇಲ್ಲ. ವಿಯೆನ್ನಾದ ಗೊಂಬ್ರಿಚ್ 1935ರಲ್ಲಿ ಮಕ್ಕಳಿಗಾಗಿ ಬರೆದ ಪುಟ್ಟ ಜಾಗತಿಕ ಇತಿಹಾಸದ ಗುಣವೂ ಅದೇ. ಆರೇ ವಾರಗಳಲ್ಲಿ ಬರೆದು ಮುಗಿಸಿದ ಪುಸ್ತಕ ಅದು. ನಮ್ಮಲ್ಲಿ ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ಭಾರತ-ಭಾರತಿಯ ಪುಟ್ಟ ಪುಸ್ತಕಗಳಿದ್ದವಲ್ಲ, ಒಬ್ಬೊಬ್ಬರಿಗೆ ಒಂದೊಂದು! ಅಜ್ಜಿಯ ಮನೆಯ ಅಟ್ಟದ ಮೆಟ್ಟಿಲ ಮೇಲೆ ಕೂತು ಅವನ್ನು ಓದುತ್ತಿದ್ದೆ. ಊಟಕ್ಕೆ ಕರೆದರೆ ಕಿವಿಗೆ ಬೀಳುತ್ತಿರಲಿಲ್ಲ.

ಆದರೆ ನನ್ನ ಮನಸ್ಸು ನಿಂತಿರುವುದು ಆತಕೂರಿನ ನಾಯಿಯ ಮೇಲೆ. ಅದರ ಮಾತು ಬಂದರೆ ನನಗೆ ಬೇರೆ ಯಾವುದೂ ಬೇಕಾಗುವುದಿಲ್ಲ.

ಕ್ರಿ.ಶ. 949ರ ಸುಮಾರು. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧವಾಗಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಡೆ ನಿಂತು ಹೋರಾಡಿದವನು ಗಂಗರ ಬೂತುಗ. ಬೂತುಗನ ಬಂಟ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ಚೆಲ್ಲೇಶ್ವರ ಗುಡಿಯೆದುರು ಅದಕ್ಕೊಂದು ಕಲ್ಲು ನಿಲ್ಲಿಸಿ, ಕಾಳಗದ ಚಿತ್ರ ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟ. ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ.

ತಕ್ಕೋಲದ ಯುದ್ಧಕ್ಕೆ ಈ ಕಲ್ಲು ಒಂದು ಮುಖ್ಯ ಆಧಾರ. ವಿದ್ವಾಂಸರು ಅದರಿಂದ ಯುದ್ಧವನ್ನು ಎತ್ತಿಕೊಂಡರು, ಅದು ಪಠ್ಯಕ್ಕೂ ಬಂತು. ಯಾರಿಗಾಗಿ ಕಲ್ಲು ನೆಟ್ಟರೋ ಆ ಕಾಳಿ ಹೊರಗೇ ಉಳಿಯಿತು. ಮಕ್ಕಳ ಚರಿತ್ರೆ ಸೊರಗಿರುವುದು ಇಂಥ ಕಡೆಯೇ. ಕಾಳಿಯ ಕತೆ ಕೇಳಿದ ಮಗು ತಾನಾಗಿ ಕೇಳುತ್ತದೆ: ಮಣಲೆರ ಯಾರು? ಯುದ್ಧ ಯಾಕಾಯಿತು? ನಾಯಿ ಏನು ಪಾಪ ಮಾಡಿತ್ತು? ಇದೆಲ್ಲ ನಮಗೆ ಹೇಗೆ ಗೊತ್ತು? ಈ ಕೊನೆಯ ಪ್ರಶ್ನೆ ಮಗುವಿನ ಬಾಯಲ್ಲಿ ಬಂದರೆ ಚರಿತ್ರೆಯ ಪಾಠ ಅಲ್ಲಿಗೆ ಶುರುವಾಯಿತು.

ವೀರಗಲ್ಲುಗಳಂತೂ ಮಕ್ಕಳಿಗೆಂದೇ ಬಿಡಿಸಿದ ಚಿತ್ರಕಥೆಗಳ ಹಾಗಿವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಅಕ್ಷರ ಬಾರದ ಮಗುವೂ ಇದನ್ನು ಓದೀತು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇವು ಹೊಲದ ಬದುವಿನಲ್ಲಿ ನಿಂತಿವೆ. ಕೆಲವನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದಾರೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನ ಹೆಸರು ಮೊದಲು ಸಿಗುವುದೂ ಬೇಗೂರಿನ ಇಂಥ ಒಂದು ಕಲ್ಲಿನಲ್ಲಿ, ಕ್ರಿ.ಶ. 890ರ ಸುಮಾರಿನ ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ. ಊರಿನ ಹೆಸರಿನ ಬಗ್ಗೆ ಬೆಂದ ಕಾಳಿನ ಕತೆ ಹೇಳುವ ನಾವು, ಅದಕ್ಕಿಂತ ಶತಮಾನಗಳಷ್ಟು ಹಳೆಯ ಈ ಕಲ್ಲನ್ನು ಮಕ್ಕಳಿಗೆ ತೋರಿಸುವುದಿಲ್ಲ.

ತಂಗಿಯ ಮಗಳಿಗೆ ಹೇಳಿದ್ದೇನೆ: ಈ ಪುಸ್ತಕ ಬದಿಗಿಡು, ಅವನನ್ನು ಬೇಗೂರಿಗೆ ಕರೆದುಕೊಂಡು ಹೋಗು, ಆಮೇಲೆ ಕಸ್ತೂರ್‌ಬಾ ರಸ್ತೆಯ ಮ್ಯೂಸಿಯಮ್ಮಿಗೆ ಹೋಗಿ, ಆತಕೂರಿನ ಕಲ್ಲು ಈಗ ಇರುವುದು ಅಲ್ಲೇ. ಆದರೆ ನೋಡಿ ಬಂದ ಹುಡುಗ ಮನೆಯಲ್ಲಿ ಓದಲು ಕೇಳುತ್ತಾನೆ. ಹಳಗನ್ನಡ ಬಲ್ಲವರೇ, ಶಾಸನಗಳನ್ನು ಓದಬಲ್ಲವರೇ, ನಿಮ್ಮ ವಿದ್ವತ್ಪತ್ರಿಕೆಗಳಿಗೆ ಬರೆಯುವುದರ ನಡುವೆ ಈ ಮಕ್ಕಳಿಗೂ ಮೂವತ್ತು ಪುಟ ಬರೆದುಕೊಡಿ. ಕಾಳಿಯಿಂದಲೇ ಶುರು ಮಾಡಿ.