ಜ್ವರದ ರಾತ್ರಿಯ ಸಕ್ಕರೆ

ನಮ್ಮ ಕಡೆ 'ಶುಗರ್' ಎಂದರೆ ಒಂದೇ ಅರ್ಥ. ಸಾಯುವವರೆಗೆ ಬಿಡದ ಕಾಯಿಲೆ, ಬೆಳಗ್ಗೆ ಮಾತ್ರೆ, ಹಬ್ಬದ ದಿನ ಪಾಯಸ ಬಡಿಸಲು ಬಂದವರಿಗೆ ಎಲೆಯ ಮೇಲೆ ಅಡ್ಡ ಹಿಡಿದ ಕೈ. ಕಳೆದ ಮಳೆಗಾಲದಲ್ಲಿ ಈ ಪದ ನಾಲ್ಕು ವರ್ಷದ ಮಗುವಿನ ಮೇಲೆ ಬಿತ್ತು.

ಅಕ್ಕನ ಮಗನಿಗೆ ಎರಡು ದಿನದಿಂದ ಜ್ವರ. ರಾತ್ರಿ ಹನ್ನೊಂದರ ಹೊತ್ತಿಗೆ ಕಣ್ಣು ಮೇಲಾಗಿ ಕೈಕಾಲು ಸೆಟೆದವು. ಪರ್ಕಳದಿಂದ ಮಣಿಪಾಲ ದೂರವೇನಲ್ಲ. ಪಕ್ಕದ ಮನೆಯವರ ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಫಿಟ್ಸ್ ನಿಂತಿತ್ತು. ನರ್ಸ್ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಸಕ್ಕರೆ ತೀರಾ ಇಳಿದರೂ ಮಕ್ಕಳಿಗೆ ಫಿಟ್ಸ್ ಬರುವುದರಿಂದ ಮೊದಲು ನೋಡುವುದು ಅದನ್ನೇ. ಯಂತ್ರ ತೋರಿಸಿದ್ದು 214.

ಅಮ್ಮನಿಗೆ ಈ ಅಂಕಿಗಳ ಭಾಷೆ ಚೆನ್ನಾಗಿ ಗೊತ್ತು. "ಅಯ್ಯೋ, ನನ್ನದೇ ಬಂತಲ್ಲ ಮಗುವಿಗೆ" ಎಂದು ಗೋಡೆಗೆ ಒರಗಿದರು.

"ಅಮ್ಮಾ, ಅದಕ್ಕೆ ಈಗಲೇ ಹೆಸರಿಡುವುದು ಬೇಡ. ನಾಳೆ ಇನ್ನೊಮ್ಮೆ ನೋಡುವ" ಎಂದರು ಡ್ಯೂಟಿ ಡಾಕ್ಟರು.

ಆಮೇಲೆ ನಾನು ಓದಿ ತಿಳಿದದ್ದಿಷ್ಟು. ಜೋರು ಜ್ವರ, ಫಿಟ್ಸ್, ಉಸಿರಾಟದ ತೊಂದರೆ, ವಾಂತಿಭೇದಿ, ದೊಡ್ಡ ಪೆಟ್ಟು, ಯಾವುದೇ ಇರಲಿ, ದೇಹ ಅದನ್ನು ಅಪಾಯವೆಂದೇ ಓದುತ್ತದೆ. ಅಡ್ರಿನಾಲಿನ್, ಕಾರ್ಟಿಸಾಲ್, ಗ್ಲುಕಗಾನ್ ಏರುತ್ತವೆ. ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಲಿವರ್ ತನ್ನ ದಾಸ್ತಾನು ಬಿಚ್ಚಿ ಮಿದುಳಿಗೆ, ಹೃದಯಕ್ಕೆ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಲಿವರಿನ ಈ ಉಗ್ರಾಣವನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1850ರ ದಶಕದಲ್ಲೇ ತೋರಿಸಿಕೊಟ್ಟಿದ್ದ. ಮೂಲ ಕಾಯಿಲೆ ಇಳಿದಂತೆ ಸಾಮಾನ್ಯವಾಗಿ ಸಕ್ಕರೆಯೂ ತಾನಾಗಿ ಇಳಿಯುತ್ತದೆ. ತೀವ್ರ ನಿಗಾ ಘಟಕದ ಮಕ್ಕಳಲ್ಲೂ ಇನ್ಸುಲಿನ್ ಕೊಟ್ಟು ಅದನ್ನು ಇನ್ನಷ್ಟು ಕೆಳಗಿಳಿಸಿದರೆ ಲಾಭವಿಲ್ಲ, ಸಕ್ಕರೆ ಅಪಾಯಕರವಾಗಿ ಕುಸಿಯುವುದೇ ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಕಂಡುಕೊಂಡಿತು.

ಹಾಗೆಂದು 214 ಅನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ಡಾಕ್ಟರು ಅಕ್ಕನನ್ನು ಕೂರಿಸಿ ಕೇಳಿದರು: ರಾತ್ರಿ ಎದ್ದೆದ್ದು ನೀರು ಕೇಳುತ್ತಾನಾ? ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆಯಾ? ತೂಕ ಇಳಿದಿದೆಯಾ? ಇವೆಲ್ಲ ಇದ್ದರೆ ಅದು ಟೈಪ್ 1 ಡಯಾಬಿಟಿಸ್ ಇರಬಹುದು. ಆಗ ಹೊಟ್ಟೆನೋವು, ವಾಂತಿ, ಏದುಸಿರು ಕಂಡು ಬೇರೇನೋ ಎಂದುಕೊಂಡು ಇನ್ಸುಲಿನ್ ತಡವಾದರೆ ಜೀವಕ್ಕೇ ಕುತ್ತು. ಒಂದೇ ಅಂಕಿ, ಎರಡು ಬೇರೆ ದಾರಿ. ಅವನಲ್ಲಿ ಇವ್ಯಾವುವೂ ಇರಲಿಲ್ಲ. ಮೂತ್ರದಲ್ಲಿ ಕೀಟೋನ್ ಇರಲಿಲ್ಲ. ಮರುದಿನ ಬೆಳಗ್ಗೆ ಸಕ್ಕರೆ 98. ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಕೂಡ ಸರಿಯಾಗಿತ್ತು.

ಆದರೆ ಸುದ್ದಿ ನಮಗಿಂತ ಮೊದಲೇ ಪರ್ಕಳ ಸೇರಿತ್ತು. "ಪಾಪ, ಇಷ್ಟು ಸಣ್ಣ ಮಗುವಿಗೆ ಶುಗರಂತೆ, ಹೌದಾ?" ಎಂದು ಮೀನು ಮಾರುವವರು ಅಂಗಳದಲ್ಲೇ ಕೇಳಿದರು. ಅಮ್ಮ ಅವನ ಹಾಲಿಗೆ ಸಕ್ಕರೆ ಹಾಕುವುದನ್ನು ಬಿಟ್ಟು, ಬಿಸ್ಕತ್ತಿನ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದರು. ಯಾರದೋ ಹುಟ್ಟುಹಬ್ಬಕ್ಕೆ ಅಂಗನವಾಡಿಯಲ್ಲಿ ಎಲ್ಲರಿಗೂ ಚಾಕಲೇಟು ಹಂಚಿದರಂತೆ, ಇವನಿಗೆ ಮಾತ್ರ ಕೊಡಲಿಲ್ಲವಂತೆ. ಮರುದಿನ ಅಕ್ಕ ರಿಪೋರ್ಟಿನ ಎರಡು ಜೆರಾಕ್ಸ್ ಮಾಡಿಸಿದಳು. ಒಂದನ್ನು ಟೀಚರಿಗೆ ಕೊಟ್ಟಳು. ಇನ್ನೊಂದನ್ನು ಅಮ್ಮನ ಮಾತ್ರೆ ಡಬ್ಬಿಯಲ್ಲಿಟ್ಟಳು.