ರಾಣಿಯ ಬಿಡಾರ

ಬಾಡಿಗೆ ಮನೆಯ ಅಧ್ಯಾಪಕನಿಗೆ ಬಿಡಾರ ಬದಲಾಯಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮದುವೆಯಾದ ಹತ್ತು ವರ್ಷಗಳಲ್ಲಿ ಈ ಮೈಸೂರೊಂದರಲ್ಲೇ ನಾಲ್ಕು ಮನೆಗಳ ನೆಲ ಸವೆಸಿದವನು ನಾನು. ಪುಸ್ತಕದ ಪೆಟ್ಟಿಗೆಯನ್ನು ಯಾರ ಹೆಗಲಿಗೆ ಹೊರಿಸಬೇಕು, ಹಾಲುಕ್ಕಿಸುವ ಪಾತ್ರೆಯನ್ನು ಯಾವ ಮೂಟೆಯಲ್ಲಿ ಕಟ್ಟಿದೆ ಎಂಬುದೆಲ್ಲ ನನಗೆ ಕಂಠಪಾಠ. ಆದರೆ ಮೊನ್ನೆ ಮೂರು ಮೀನುಗಳಿಗೆ ಮನೆ ಬದಲಾಯಿಸಿಕೊಡುವ ಪ್ರಸಂಗ ಒದಗಿದಾಗ ಎರಡು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ನಮ್ಮ ನಡುಮನೆಯಲ್ಲಿ ಐದು ವರ್ಷಗಳಿಂದ ಸಮುದ್ರವೊಂದು ವಾಸವಾಗಿದೆ. ಗಾಜಿನ ತೊಟ್ಟಿಯಲ್ಲಿ ಹಿಡಿಸಿದ 90 ಲೀಟರಿನ ಸಮುದ್ರ. ಹೊನ್ನಾವರದ ಕಡೆಯವಳಾದ ನನ್ನಾಕೆಗೆ ಸಿಹಿನೀರಿನ ಮೀನು ಮೀನೇ ಅಲ್ಲ. ಹೀಗಾಗಿ ಕಡಲಿನಿಂದ ಬಲುದೂರದ ಈ ಊರಿನಲ್ಲಿ ನಾವು ಲೀಟರಿಗೆ 35 ಗ್ರಾಮಿನಂತೆ ಉಪ್ಪು ಕದಡಿ ಕಡಲು ತಯಾರಿಸುತ್ತಿದ್ದೇವೆ. ಅಡುಗೆಯ ಉಪ್ಪಲ್ಲ, ಕಡಲಿನ ಲವಣಗಳನ್ನೆಲ್ಲ ಹದವಾಗಿ ಬೆರೆಸಿ ಮಾರುವ ಬೇರೆಯೇ ಉಪ್ಪು. ಅದರ ಬೆಲೆಯನ್ನು ನಮ್ಮ ತಾಯಿಗೆ ಇದುವರೆಗೂ ತಿಳಿಸಿಲ್ಲ.

ನಾಲ್ಕು ವರ್ಷಗಳ ಹಿಂದೆ ಆ ತೊಟ್ಟಿಯಲ್ಲಿ ನಾನೊಂದು ಪಾತಕ ಮಾಡಿದೆ. ಒಳಗೆ ಜೋಡಿಸಿದ್ದ ತೂತುತೂತಾದ ಕಲ್ಲುಗಳ ಮೇಲೆ ಕಂದುಬಣ್ಣದ ಪಾಚಿ ಹಬ್ಬಿತ್ತು. ಅಮ್ಮ ಮಡಿಯ ಹೆಂಗಸು. "ಮನೆ ತುಂಬ ಕೊಳೆ ಇಟ್ಟುಕೊಂಡು ಹೇಗೋ ಊಟ ಮಾಡ್ತೀರಿ? ಆ ಕಲ್ಲಾದರೂ ತಿಕ್ಕಿ ತೊಳೆಯೋ" ಎಂದಳು. ನನಗೂ ಅದು ನ್ಯಾಯವಾಗಿಯೇ ಕಂಡಿತು. ಕಲ್ಲುಗಳನ್ನೆಲ್ಲ ತೆಗೆದು, ನಲ್ಲಿಯ ಕೆಳಗೆ ತೆಂಗಿನ ನಾರಿನಿಂದ ಉಜ್ಜಿ, ತಾರಸಿಯ ಬಿಸಿಲಿನಲ್ಲಿ ಒಣಗಿಸಿ, ಮದುವೆಯ ಮನೆಯ ಪಾತ್ರೆಗಳಂತೆ ಬೆಳಗಿಸಿ ಒಳಗಿಟ್ಟೆ. ಮೂರನೆಯ ದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ಸಂಜೆಯ ಹೊತ್ತಿಗೆ ಮೂರರಲ್ಲಿ ಎರಡು ಸತ್ತಿದ್ದವು. ಆಗ ಐದು ವರ್ಷದವಳಾಗಿದ್ದ ಮಗಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಅಮ್ಮನೂ ಮಾತನಾಡಲಿಲ್ಲ, ಆಕೆಯ ಮೌನದ ಕಾರಣ ಬೇರೆಯೆಂದು ನನಗೆ ಗೊತ್ತಿತ್ತು.

ಮೀನು ಸಾಕುವವರು ಅಂಥ ಕಲ್ಲನ್ನು ಜೀವಂತ ಕಲ್ಲು ಎನ್ನುತ್ತಾರೆ. ಹವಳದ ದಿಬ್ಬಗಳಿಂದ ಬಂದ ಕಲ್ಲಿಗೆ ಮೊದಲು ಈ ಹೆಸರು ಬಂದುದು. ನಮ್ಮ ಕಡಲಿನಿಂದ ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದು ಅಪರಾಧವಾಗಿರುವುದೇ ಸರಿ. ನಮ್ಮವು ಮನುಷ್ಯರು ಮಾಡಿದ ಒಣಕಲ್ಲುಗಳು. ಆದರೆ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಮುಳುಗಿದ್ದರೆ ಒಣಕಲ್ಲಿಗೂ ಜೀವ ಬರುತ್ತದೆ. ಅದರ ಒಂದೊಂದು ರಂಧ್ರದಲ್ಲಿಯೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಸಂಸಾರ ಹೂಡುತ್ತವೆ. ಮೀನಿನ ಮಲಮೂತ್ರದಿಂದ, ತಿಂದು ಬಿಟ್ಟ ಕೂಳಿನಿಂದ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕ್ಷಾರಗುಣ ಹೆಚ್ಚಾದ ಕಡಲ ನೀರಿನಲ್ಲಂತೂ ಇನ್ನೂ ತೀಕ್ಷ್ಣ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ನಾನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದು ಈ ಸಂಸಾರಗಳನ್ನು. ಮನೆಗೆಲಸದವರನ್ನೆಲ್ಲ ಕೊಂದು, ಮನೆ ಶುಭ್ರವಾಯಿತೆಂದು ಸಂತೋಷಪಟ್ಟಂತಾಯಿತು.

ಅಂದು ಬದುಕುಳಿದುದು ಒಂದು ಕ್ಲೌನ್ ಮೀನು. ಕಿತ್ತಳೆಯ ಮೈ, ಮೂರು ಬಿಳಿಯ ಪಟ್ಟೆ. ಮಗಳು ಅದಕ್ಕೆ ರಾಜ ಎಂದು ಹೆಸರಿಟ್ಟಿದ್ದಳು. ಮರುವರ್ಷ ಅದೇ ಜಾತಿಯ ಚಿಕ್ಕ ಮೀನೊಂದನ್ನು ಜೊತೆಗೆ ಬಿಟ್ಟೆವು. ಈ ಕುಲದಲ್ಲಿ ಎಲ್ಲವೂ ಹುಟ್ಟಿನಿಂದ ಗಂಡೇ. ಗುಂಪಿನಲ್ಲಿ ದೊಡ್ಡದಾದುದು ಹೆಣ್ಣಾಗುತ್ತದೆ. ಹೀಗೆ ರಾಜ ರಾಣಿಯಾದ. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವ ನನಗೂ ಈ ಲಿಂಗವ್ಯತ್ಯಯಕ್ಕೆ ಸೂತ್ರ ಸಿಕ್ಕಲಿಲ್ಲ. ಆಮೇಲೆ ಮರಳು ಸೋಸುವ ಗೋಬಿ ಮೀನೊಂದು ಬಂದು ಸೇರಿತು. ತೊಟ್ಟಿ ಇಕ್ಕಟ್ಟಾಯಿತು.

ಹೊಸ ತೊಟ್ಟಿ ನಾಲ್ಕು ಅಡಿ ಉದ್ದದ್ದು. ಸುಮಾರು 250 ಲೀಟರು ಹಿಡಿಯುತ್ತದೆ. ತುಂಬಿದರೆ ನೀರಿನ ತೂಕವೇ ಕಾಲು ಟನ್ನು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗಾರೆಯವರ ರಸಮಟ್ಟವನ್ನಿಟ್ಟು ನಾಲ್ಕು ಮೂಲೆ ನೋಡಿ, ನಡುವೆ ಥರ್ಮೊಕೋಲ್ ಹಾಸಿ ಅದನ್ನು ಕೂರಿಸಿದೆ. ಎರಡು ದಿನ ಮೊದಲೇ ಡ್ರಮ್ಮಿನಲ್ಲಿ ಶುದ್ಧೀಕರಿಸಿದ 160 ಲೀಟರು ನೀರಿಗೆ ಆರು ಕಿಲೋದಷ್ಟು ಉಪ್ಪು ಹಾಕಿ, ಪಂಪು ಓಡಿಸಿ, ಹಳೆಯ ನೀರಿನ ಸಾಂದ್ರತೆಗೆ ಸರಿಯಾಗಿ 1.025ಕ್ಕೆ ತಂದಿರಿಸಿದ್ದೆ.

ಭಾನುವಾರ ಬೆಳಿಗ್ಗೆ ಸಾಬೂನು ಸೋಕದ ಹೊಸ ಬಕೆಟ್ಟುಗಳನ್ನು ಸಾಲಾಗಿಟ್ಟು, ಹಳೆಯ ನೀರನ್ನು ಕೊಳವೆಯಿಂದ ಇಳಿಸಿದೆವು. ಕಲ್ಲುಗಳನ್ನು ಒಂದೊಂದಾಗಿ ತೆಗೆದು ಆ ನೀರಿನಲ್ಲೇ ಮುಳುಗಿಸಿದೆ. ಈ ಸಲ ನಾರೂ ಇಲ್ಲ, ನಲ್ಲಿಯೂ ಇಲ್ಲ. ಪಾಚಿ ಹೇಗಿತ್ತೋ ಹಾಗೆ, ಮಡಿಲಲ್ಲಿ ಮಗುವನ್ನೆತ್ತಿದಂತೆ ಎತ್ತಿದೆ. ಅಡಿಯ ಮರಳನ್ನು ಮಾತ್ರ ಒಯ್ಯಲಿಲ್ಲ. ಐದು ವರ್ಷದ ಮರಳಿನ ತಳದಲ್ಲಿ ಹುದುಗಿದ ಕೊಳೆಯನ್ನು ಕದಡಿದರೆ ಅದೇ ವಿಷವಾದೀತು. ಮೇಲಿನ ಪದರದ ಎರಡು ಬೊಗಸೆ ಸಾಕು, ಹೊಸ ಮರಳಿಗೆ ಹೆಪ್ಪು ಹಾಕುವುದಕ್ಕೆ. ಮೀನುಗಳನ್ನು ಹಿಡಿದುದು ಕೊನೆಗೆ. ಕಲ್ಲಿಲ್ಲದ, ಗೇಣು ನೀರಿನ ತೊಟ್ಟಿಯಲ್ಲಿ ಅವಕ್ಕೆ ಅಡಗಲು ತಾವಿರಲಿಲ್ಲ. ಗೋಬಿ ಮಾತ್ರ ನನ್ನ ಬಲೆಯನ್ನು ಕಾಲು ಗಂಟೆ ಅಣಕಿಸಿತು.

ಮೂರನ್ನೂ ಮುಚ್ಚಳದ ಬಕೆಟ್ಟಿನಲ್ಲಿಟ್ಟು, ಗಾಳಿಯ ಪಂಪಿನ ಕೊಳವೆ ಇಳಿಬಿಟ್ಟು, ಹೊಸ ತೊಟ್ಟಿಯಲ್ಲಿ ಕಲ್ಲು ಜೋಡಿಸಲು ನಿಂತೆ. ಹೊಸ ಮರಳು ಕದಡಿ ನೀರು ಮಜ್ಜಿಗೆಯಂತಾಗಿತ್ತು. ತಿಳಿಯಾಗುವ ತನಕ ಮೀನು ಬಿಡುವಂತಿರಲಿಲ್ಲ. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಪಂಪು ನಿಂತಿತು. ಬ್ಯಾಟರಿಯ ಪಂಪೊಂದನ್ನು ತಂದಿಟ್ಟಿದ್ದೇನೆಂದು ಧೈರ್ಯದಿಂದ ಪೆಟ್ಟಿಗೆ ತೆರೆದರೆ, ಪಂಪು ಇತ್ತು, ಬ್ಯಾಟರಿ ಇರಲಿಲ್ಲ! ಭಾನುವಾರದ ಮಧ್ಯಾಹ್ನ, ನಮ್ಮ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನನ್ನಾಕೆ ಸ್ಕೂಟರು ಹತ್ತಿ ಹೊರಟಳು. ಅರ್ಧ ಗಂಟೆಯಾಗುತ್ತಾ ಬಂದರೂ ಆಕೆಯ ಸುಳಿವಿಲ್ಲ. ಮುಚ್ಚಳ ತೆಗೆದ ಮಗಳು, "ಅಪ್ಪಾ, ರಾಣಿ ಮೇಲಕ್ಕೆ ಬಂದು ಬಾಯಿ ಬಿಡ್ತಿದ್ದಾಳೆ" ಎಂದಳು. ಆ ದೃಶ್ಯವನ್ನು ನಾನು ಮೊದಲೊಮ್ಮೆ ಕಂಡಿದ್ದೆ. ಕೈಯಲ್ಲಿ ಕಲ್ಲು ಹಿಡಿದು ಸುಮ್ಮನೆ ನಿಂತೆ.

ಅಡುಗೆಮನೆಯಿಂದ ಅಮ್ಮ ಬಂದಳು. ಇನ್ನೂ ಮಡಿಯಲ್ಲಿದ್ದಳು. ಕೈಯಲ್ಲಿ ಹಿತ್ತಾಳೆಯ ತಂಬಿಗೆ.

"ಹಿತ್ತಾಳೆ ಬೇಡಮ್ಮ, ತಾಮ್ರ ಅವಕ್ಕೆ ಆಗದು" ಎಂದೆ.

ತಂಬಿಗೆಯನ್ನು ನೆಲದ ಮೇಲಿಟ್ಟು, ಮಗಳ ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟ ತೆಗೆದುಕೊಂಡು, ಬಕೆಟ್ಟಿನ ಪಕ್ಕದಲ್ಲಿ ಕುಳಿತಳು. ಕಾಫಿ ಆರಿಸುವಂತೆ ನೀರನ್ನು ಮೊಗೆದು, ಒಂದು ಮೊಳ ಮೇಲಕ್ಕೆತ್ತಿ, ಬಕೆಟ್ಟಿನ ಅಂಚಿಗೆ ಧಾರೆಯಾಗಿ ಸುರಿದಳು. ಮತ್ತೆ ಮೊಗೆದಳು. ಬೀಳುವ ನೀರು ಗಾಳಿಯನ್ನು ಎಳೆದುಕೊಂಡು ಗುಳ್ಳೆಗುಳ್ಳೆಯಾಗಿ ಒಳಗಿಳಿಯುತ್ತಿತ್ತು. ನಾನು ಲೋಟಕ್ಕೆ ಕೈ ನೀಡಿದರೆ ಕೊಡಲಿಲ್ಲ.

"ನೀನು ನಿನ್ನ ಕಲ್ಲು ನೋಡಿಕೋ. ಆ ಸಲ ತೊಳೆ ಅಂದವಳು ನಾನೇ ತಾನೆ."

ನಾಲ್ಕು ವರ್ಷಗಳಲ್ಲಿ ಆಕೆ ಆ ಮಾತೆತ್ತಿದ್ದು ಅದೇ ಮೊದಲು. ಮುಕ್ಕಾಲು ಗಂಟೆಯ ಮೇಲೆ ನನ್ನಾಕೆ ಬ್ಯಾಟರಿಯೊಡನೆ ಬರುವವರೆಗೂ ಅಮ್ಮನ ಕೈ ನಿಲ್ಲಲಿಲ್ಲ. ಆಮೇಲೆ, ಮೀನಿನ ನೀರು ಮುಟ್ಟಿದ್ದಾಯಿತೆಂದು ಗೊಣಗಿಕೊಂಡು ಎರಡನೆಯ ಸ್ನಾನಕ್ಕೆ ಹೋದಳು.

ನೀರು ತಿಳಿಯಾಗುವಷ್ಟರಲ್ಲಿ ಸಂಜೆ ಏಳಾಯಿತು. ಗಂಟು ಹಾಕಿದ ಸಣ್ಣ ಕೊಳವೆಯಿಂದ ಹೊಸ ತೊಟ್ಟಿಯ ನೀರನ್ನು ಒಂದು ಗಂಟೆ ಬಕೆಟ್ಟಿಗೆ ತೊಟ್ಟಿಕ್ಕಿಸಿ, ಮೀನುಗಳನ್ನು ಬಿಟ್ಟು, ದೀಪ ಆರಿಸಿದೆವು. ಬೆಳಿಗ್ಗೆ ಐದಕ್ಕೆ ನಾನೆದ್ದು ಬಂದಾಗ ಅಮ್ಮ ಆಗಲೇ ಟಾರ್ಚು ಹಿಡಿದು ಗಾಜಿನ ಮುಂದೆ ನಿಂತಿದ್ದಳು.

"ಎರಡು ಕಾಣಿಸ್ತಿವೆ ಕಣೋ. ಮೂರನೆಯದು ಆ ಕೊಳಕು ಕಲ್ಲಿನ ಹಿಂದೆ ಇದೆಯೇನೋ, ನೋಡು" ಎಂದಳು.

ಅದು ಅಲ್ಲೇ ಇತ್ತು.